ಅಧರ್ಮದ್ರವ್ಯ, ಗುರುತ್ವಾಕರ್ಷಣೆ ಮತ್ತು ಅನಾದಿ ಲೋಕ: ಕೊಪಣ ಸೀಮೆಯಿಂದ ಒಂದು ವಿಚಾರ

ಗಂಗಾವತಿ ತಾಲ್ಲೂಕಿನ ಹೇಮಗುಡ್ಡದಿಂದ ಕೊಪ್ಪಳದ ಕಡೆಗೆ ಸಾಗುವವರಿಗೆ ದಾರಿಯುದ್ದಕ್ಕೂ ಕಾಣುವುದು ಬಂಡೆಗಳ ರಾಶಿ. ಆನೆಗಾತ್ರದ ಗುಂಡೊಂದು ಅಂಗೈಯಗಲದ ಆಧಾರದ ಮೇಲೆ ನಿಂತಿರುತ್ತದೆ. ಅದರ ಮೇಲೆ ಮತ್ತೊಂದು. ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳಿವು ಎಂಬುದು ಆನೆಗೊಂದಿಯ ಸುತ್ತಿನ ಜನರ ಮಾತು. ಭೂವಿಜ್ಞಾನಿಗಳ ಪ್ರಕಾರ ಇವನ್ನು ಯಾರೂ ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಶಿಲೆ ಬಿಸಿಲು ಮಳೆಗಳಿಗೆ ಬಿರುಕುಬಿಟ್ಟು, ಮೆದುವಾದ ಭಾಗ ಕೊಚ್ಚಿಹೋಗಿ, ಗಟ್ಟಿಯಾದ ತಿರುಳು ಇದ್ದಲ್ಲಿಯೇ ಉಳಿದುಕೊಂಡಿದೆ. ಕೊಪ್ಪಳದ ಪಾಲ್ಕಿಗುಂಡಂತೂ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಬಂಡೆಗಳ ಮೇಲೆ ಚಪ್ಪಡಿಯೊಂದನ್ನು ಹೊತ್ತುಕೊಂಡೇ ಆ ಹೆಸರನ್ನು ಪಡೆದಿದೆ.

ಈ ಗುಂಡು ಏಕೆ ಉರುಳುವುದಿಲ್ಲ? ಕಾಲೇಜಿನಲ್ಲಿ ಓದುವ ಮಗನನ್ನು ಕೇಳಿದರೆ, ಭೂಮಿಯು ಗುಂಡನ್ನು ಕೆಳಗೆ ಎಳೆಯುತ್ತಿದೆ, ಕೆಳಗಿನ ಶಿಲೆಯು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ, ಗುಂಡಿನ ಗುರುತ್ವಕೇಂದ್ರವು ಆಧಾರದ ಒಳಗೇ ಬೀಳುತ್ತಿದೆ, ಆದುದರಿಂದ ನಿಂತಿದೆ ಎನ್ನುತ್ತಾನೆ. ಪಾಠಶಾಲೆಯಲ್ಲಿ ತತ್ತ್ವಾರ್ಥಸೂತ್ರವನ್ನು ಕಲಿತ ಅಜ್ಜನನ್ನು ಕೇಳಿದರೆ, ಸ್ಥಿತಿಗೆ ಸಹಕಾರಿಯಾದ ಅಧರ್ಮದ್ರವ್ಯವು ಲೋಕದಲ್ಲೆಲ್ಲ ವ್ಯಾಪಿಸಿರುವುದರಿಂದ ನಿಂತಿದೆ ಎನ್ನುತ್ತಾರೆ. ಈ ಎರಡು ಉತ್ತರಗಳೂ ಒಂದೇ, ನ್ಯೂಟನ್ನನು ಕಂಡದ್ದನ್ನು ನಮ್ಮ ಆಚಾರ್ಯರು ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರು ಎಂಬ ಮಾತು ಪಂಚಕಲ್ಯಾಣ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿಯೂ ಪ್ರವಚನಗಳಲ್ಲಿಯೂ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಜ್ಜನ ಉತ್ತರದಲ್ಲಿಯೂ ಮಗನ ಉತ್ತರದಲ್ಲಿಯೂ ನನಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು 'ಎರಡೂ ಒಂದೇ' ಎಂಬ ಮೂರನೆಯ ಮಾತಿನಲ್ಲಿ.

ಈ ಸಮೀಕರಣವು ಬಹು ಹಳೆಯದೇನೂ ಅಲ್ಲ. ಗ್ವಾಲಿಯರಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಿ. ಆರ್. ಜೈನ್ ಅವರು 1942ರಲ್ಲಿ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯಕ್ಕೆ ಆಧುನಿಕ ವಿಜ್ಞಾನದ ಬೆಳಕಿನಲ್ಲಿ ಇಂಗ್ಲಿಷ್ ವ್ಯಾಖ್ಯಾನವೊಂದನ್ನು ಬರೆದರು. 'ಕಾಸ್ಮಾಲಜಿ ಓಲ್ಡ್ ಅಂಡ್ ನ್ಯೂ' ಎಂಬುದು ಅದರ ಹೆಸರು. ಧರ್ಮದ್ರವ್ಯವನ್ನು ಅವರು ಈಥರ್ ಎಂಬ ಸೂಕ್ಷ್ಮ ಮಾಧ್ಯಮದೊಡನೆಯೂ, ಅಧರ್ಮದ್ರವ್ಯವನ್ನು ಗುರುತ್ವಾಕರ್ಷಣೆಯ ಕ್ಷೇತ್ರದೊಡನೆಯೂ ಹೋಲಿಸಿದರು. ಪಾಶ್ಚಾತ್ಯ ವಿದ್ಯೆ ಕಲಿತ ತರುಣರು ಆಗಮಗಳನ್ನು ತಿರುಗಿಯೂ ನೋಡದ ಕಾಲದಲ್ಲಿ, ವಿಜ್ಞಾನದ ಅಧ್ಯಾಪಕರೊಬ್ಬರು ಶ್ರದ್ಧೆಯಿಂದ ಮಾಡಿದ ಕೆಲಸವದು. ಆ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಈಥರಿನ ಗತಿ ಏನಾಯಿತು? 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ ಎಂಬ ಇಬ್ಬರು ಅಮೆರಿಕೆಯಲ್ಲಿ ನಡೆಸಿದ ಪ್ರಯೋಗದಲ್ಲಿ ಅದರ ಸುಳಿವೇ ಸಿಕ್ಕಲಿಲ್ಲ. 1905ರಲ್ಲಿ ಐನ್‌ಸ್ಟೈನರು ಅದರ ಅಗತ್ಯವೇ ಇಲ್ಲವೆಂದು ತೋರಿಸಿದರು. ಅಂದರೆ ನಮ್ಮ ಧರ್ಮದ್ರವ್ಯವನ್ನು ಈಥರ್ ಎಂಬ ದೋಣಿಗೆ ಕಟ್ಟುವ ವೇಳೆಗೆ ಆ ದೋಣಿ ಮುಳುಗಿ ಹಲವು ದಶಕಗಳೇ ಕಳೆದಿದ್ದವು. ವಿಜ್ಞಾನದ ಪ್ರಮಾಣಪತ್ರವನ್ನು ತಂದು ಬಸದಿಯ ಗೋಡೆಗೆ ತೂಗುಹಾಕುವವರು ಆ ಪ್ರಮಾಣಪತ್ರದ ಅವಧಿಯನ್ನೂ ನೋಡಬೇಕು.

ಇನ್ನು ಅಧರ್ಮದ್ರವ್ಯ. ನೇಮಿಚಂದ್ರರ ದ್ರವ್ಯಸಂಗ್ರಹವನ್ನು ಬಾಯಿಪಾಠ ಮಾಡಿದ ಎಳೆಯರೂ ಬಲ್ಲ ದೃಷ್ಟಾಂತವೆಂದರೆ ದಾರಿಹೋಕನಿಗೆ ಮರದ ನೆರಳು. ನಿಲ್ಲಬೇಕೆಂದು ಬಂದವನಿಗೆ ನೆರಳು ಆಸರೆಯಾಗುತ್ತದೆ, ಹೋಗುತ್ತಿರುವವನನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಇದನ್ನೇ ಉದಾಸೀನ ನಿಮಿತ್ತವೆನ್ನುವುದು. ಅಧರ್ಮದ್ರವ್ಯವು ಅರೂಪಿ, ಅಖಂಡ, ನಿಷ್ಕ್ರಿಯ, ಅದಕ್ಕೆ ಎಳೆತವಿಲ್ಲ. ಗುರುತ್ವಾಕರ್ಷಣೆಯ ಸ್ವಭಾವವೆಲ್ಲ ಎಳೆತವೇ. ವಸ್ತುವಿನ ರಾಶಿ ಹೆಚ್ಚಿದಂತೆ ಅದು ಹೆಚ್ಚುತ್ತದೆ, ದೂರ ಇಮ್ಮಡಿಯಾದರೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅದು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಚಲಿಸುವಂತೆ ಮಾಡುತ್ತದೆ. ಮಾವಿನಹಣ್ಣು ಬೀಳುವುದೂ, ಚಂದ್ರ ಭೂಮಿಯನ್ನು ಸುತ್ತುವುದೂ ಅದರಿಂದಲೇ. ನಿಂತ ಬಂಡೆಯನ್ನು ತೋರಿಸಿ ಇದು ಗುರುತ್ವ, ಇದೇ ಅಧರ್ಮದ್ರವ್ಯ ಎನ್ನುವವರು ಬೀಳುವ ಹಣ್ಣಿನ ಮುಂದೆ ಏನು ಹೇಳುವರು?

ಭಾರದ ವಿಚಾರವನ್ನು ನಮ್ಮ ಆಚಾರ್ಯರು ಬೇರೆಡೆ ಹೇಳಿದ್ದಾರೆ. ಪುದ್ಗಲದ ಸ್ಪರ್ಶಗುಣಗಳು ಎಂಟು: ಮೃದು, ಕಠಿನ, ಗುರು, ಲಘು, ಶೀತ, ಉಷ್ಣ, ಸ್ನಿಗ್ಧ, ರೂಕ್ಷ. ಭಾರ ಹಗುರಗಳು ಇಲ್ಲಿ ಪುದ್ಗಲದಲ್ಲಿಯೇ ಇರುವ ಗುಣಗಳು, ಮೃದುತ್ವ ಕಾಠಿಣ್ಯಗಳ ಹಾಗೆ. ಕೈಯಲ್ಲಿ ಹಿಡಿದಾಗ ತಿಳಿಯುವಂಥವು.

ವ್ಯಾಪಾರಿಯಾದ ನನಗೆ ಈ ಭೇದವು ತಕ್ಕಡಿಯಿಂದ ಸ್ಪಷ್ಟವಾಗುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಡೆ ಕಲ್ಲು, ಒಂದು ಕಡೆ ಅಕ್ಕಿ. ಭೂಮಿಯ ಎಳೆತ ಎರಡರ ಮೇಲೂ ಒಂದೇ ಪ್ರಮಾಣದಲ್ಲಿರುವುದರಿಂದ ಆ ತಕ್ಕಡಿ ಗಂಗಾವತಿಯಲ್ಲಿಯೂ ದಿಲ್ಲಿಯಲ್ಲಿಯೂ ಒಂದೇ ಲೆಕ್ಕ ತೋರಿಸುತ್ತದೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಎಲೆಕ್ಟ್ರಾನಿಕ್ ತೂಕದ ಯಂತ್ರವು ಹಾಗಲ್ಲ. ಅದು ಅಳೆಯುವುದು ಭೂಮಿಯ ಎಳೆತದ ಬಲವನ್ನು. ಭೂಮಿಯು ಸಮಭಾಜಕದಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದ್ದು ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದ ಈ ಎಳೆತವು ಉತ್ತರಕ್ಕೆ ಹೋದಂತೆ ಹೆಚ್ಚುತ್ತದೆ. ದಿಲ್ಲಿಯಲ್ಲಿ ಸರಿಹೊಂದಿಸಿದ ಯಂತ್ರವನ್ನು ಇಲ್ಲಿಗೆ ತಂದು ಮತ್ತೆ ಸರಿಹೊಂದಿಸದೆ ಬಳಸಿದರೆ ಕ್ವಿಂಟಲಿಗೆ ಸುಮಾರು 90 ಗ್ರಾಂ ಕಡಿಮೆ ತೋರಿಸುತ್ತದೆ. ರೈತನಿಂದ ಕೊಳ್ಳುವಾಗ ಅದು ಅವನ ನಷ್ಟ. ಸ್ಥಳದಲ್ಲಿಯೇ ಸರಿಹೊಂದಿಸಿ ಮುದ್ರೆ ಹಾಕಿಸುವ ನಿಯಮಕ್ಕೆ ಇದೂ ಒಂದು ಕಾರಣ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು ಉಮಾಸ್ವಾಮಿಗಳು ಹೆಸರಿಸಿದ್ದಾರಷ್ಟೆ. ಗುರುತ್ವಾಕರ್ಷಣೆಯ ಪಾಠವನ್ನು ಶ್ರಾವಕನು ಕಲಿಯಬೇಕಾದದ್ದು ಈ ಅತಿಚಾರದಿಂದ ಪಾರಾಗಲೆಂದು ಎಂದರೆ ನಾನು ಒಪ್ಪುತ್ತೇನೆ.

ಹಾಗಾದರೆ ನಮ್ಮ ಆಚಾರ್ಯರು ಈ ಪ್ರಶ್ನೆಗಳಲ್ಲಿ ನಿಜವಾಗಿ ಮಾಡಿದ್ದೇನು? ಅದನ್ನು ಅರಿಯಲು ಗ್ವಾಲಿಯರಿಗಾಗಲಿ ಲಂಡನ್ನಿಗಾಗಲಿ ಹೋಗಬೇಕಾಗಿಲ್ಲ. ಪಾಲ್ಕಿಗುಂಡಿನ ಬೆಟ್ಟ ಸಾಕು. ಅಲ್ಲಿ ಅಶೋಕನ ಶಾಸನವಿರುವುದು ಎಲ್ಲರಿಗೂ ಗೊತ್ತು. ಅದೇ ಬೆಟ್ಟದ ಬಂಡೆಯ ಮೇಲೆ ಒಂದು ಜೊತೆ ಪಾದಗಳನ್ನು ಕೆತ್ತಲಾಗಿದೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದನೆಂದೂ ಹಳಗನ್ನಡದ ಕಿರು ಶಾಸನವೊಂದು ಸಾರುತ್ತದೆ. ವರಾಂಗಚರಿತವೆಂಬ ಸಂಸ್ಕೃತ ಕಾವ್ಯವನ್ನು ಬರೆದ ಜಟಾಸಿಂಹನಂದಿಗಳು ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಾಲ ಸುಮಾರು ಏಳನೆಯ ಶತಮಾನ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಈ ಕಾವ್ಯವನ್ನು ಶೋಧಿಸಿ 1938ರಲ್ಲಿ ಪ್ರಕಟಿಸಿದವರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಅಧ್ಯಾಪಕರಾಗಿದ್ದ ಡಾ. ಆ. ನೇ. ಉಪಾಧ್ಯೆಯವರು. ಲೋಕದ ಆಗುಹೋಗುಗಳಿಗೆ ಕಾಲವೇ ಕಾರಣ, ದೈವವೇ ಕಾರಣ, ಗ್ರಹಗಳೇ ಕಾರಣ, ಈಶ್ವರನೇ ಕಾರಣ ಎಂಬ ಏಕಾಂತವಾದಗಳನ್ನು ಆಚಾರ್ಯರು ಆ ಕಾವ್ಯದಲ್ಲಿ ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುತ್ತಾರೆ. ಜಗತ್ಕಾರಣವನ್ನು ಕುರಿತ ಪರ್ಯಾಯ ಸಿದ್ಧಾಂತಗಳ ಚರ್ಚೆಯೆಂದರೆ ಇದೇ ಅಲ್ಲವೇ? ಕೊಪಣದ ಬಂಡೆಯ ಮೇಲೆ ಪಾದವಾಗಿ ನಿಂತವರು ಆ ಚರ್ಚೆಯ ಹಿರಿಯರು.

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನು ಮಹಾನಗರವೆಂದು ಹೆಸರಿಸುತ್ತದೆ. ಇಲ್ಲಿ 772 ಬಸದಿಗಳಿದ್ದವೆಂಬುದು ಪರಂಪರೆಯ ನಂಬಿಕೆ. ಶಕ 803ರ, ಅಂದರೆ ಕ್ರಿ.ಶ. 881ರ, ಶಾಸನವೊಂದು ಕುಂದಕುಂದಾನ್ವಯದ ಸರ್ವನಂದಿ ಭಟಾರರು ಇಲ್ಲಿ ನೆಲೆಸಿ, ಶಾಸ್ತ್ರವನ್ನು ಬೋಧಿಸಿ, ಸನ್ಯಸನ ವಿಧಿಯಿಂದ ಮುಡಿಪಿದುದನ್ನು ತಿಳಿಸುತ್ತದೆ. (ಲೋಕವಿಭಾಗವೆಂಬ ಲೋಕವರ್ಣನೆಯ ಗ್ರಂಥವನ್ನು ಶಕ 380ರಲ್ಲಿ ಪಾಟಲಿಕದಲ್ಲಿ ರಚಿಸಿದ ಸರ್ವನಂದಿಗಳು ಬೇರೆ, ಇವರು ಬೇರೆ. ಇಬ್ಬರ ನಡುವೆ ನಾಲ್ಕು ಶತಮಾನಗಳಿಗೂ ಮಿಕ್ಕಿದ ಅಂತರವಿದೆ. ಸ್ಮರಣ ಸಂಚಿಕೆಗಳ ಸಂಪಾದಕರು ಇದನ್ನು ದಯವಿಟ್ಟು ಗಮನಿಸಬೇಕು.)

ಆ ಒಂಬತ್ತನೆಯ ಶತಮಾನವು ಕನ್ನಡ ನಾಡಿನ ಜೈನ ಪಾಂಡಿತ್ಯದ ಸುವರ್ಣಕಾಲ. ಧವಲಾ ಟೀಕೆಯನ್ನು ರಚಿಸಿದ ವೀರಸೇನರು, ಅವರ ಶಿಷ್ಯರೂ ಅಮೋಘವರ್ಷ ನೃಪತುಂಗನ ಗುರುಗಳೂ ಆದ ಜಿನಸೇನರು, ಅವರ ಶಿಷ್ಯ ಗುಣಭದ್ರರು, ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು, ಎಲ್ಲರೂ ರಾಷ್ಟ್ರಕೂಟರ ಆ ಕಾಲದವರೇ. ವೀರಸೇನರ ಒಂದು ಲೆಕ್ಕವನ್ನು ವಾಚಕರ ಮುಂದಿಡದೆ ಮುಂದೆ ಹೋಗಲು ಮನಸ್ಸು ಬಾರದು.

ಲೋಕದ ಎತ್ತರ 14 ರಜ್ಜು, ಘನಫಲ 343 ಘನರಜ್ಜು ಎಂಬುದು ಪರಂಪರೆಯಿಂದ ಬಂದ ಮಾತು. ಅಗಲವು ತಳದಲ್ಲಿ 7 ರಜ್ಜು, ನಡುವೆ 1, ಬ್ರಹ್ಮಲೋಕದಲ್ಲಿ 5, ತುದಿಯಲ್ಲಿ ಮತ್ತೆ 1. ಇಂಥ ಲೋಕವು ಮೃದಂಗದಂತೆ ದುಂಡಾಗಿದೆಯೆಂದು ಕೆಲವರ ಮತವಿತ್ತು. ವೀರಸೇನರು ಗಣಿತಕ್ಕೆ ಕುಳಿತರು. ದುಂಡಾಗಿದ್ದರೆ ಘನಫಲವು ಸುಮಾರು 164 ಮಾತ್ರ ಬರುತ್ತದೆ, 343 ಬರುವುದಿಲ್ಲ. ಆದುದರಿಂದ ಆ ಆಕಾರ ಸಲ್ಲದು ಎಂದರು. ಉತ್ತರ ದಕ್ಷಿಣವಾಗಿ ಎಲ್ಲೆಡೆಯೂ 7 ರಜ್ಜು ದಪ್ಪವಿದೆಯೆಂದು ಹಿಡಿದರೆ ಲೆಕ್ಕ ಕೂಡುತ್ತದೆ. ಕೆಳಗಿನ ಅರ್ಧದ ಕ್ಷೇತ್ರ 28, ಮೇಲಿನ ಅರ್ಧದ್ದು 21, ಒಟ್ಟು 49. ಅದನ್ನು 7ರಿಂದ ಗುಣಿಸಿದರೆ 343. ಕಾಗದ ಪೆನ್ಸಿಲು ಹಿಡಿದು ಮನೆಯ ಮಕ್ಕಳೂ ಇದನ್ನು ಪರೀಕ್ಷಿಸಬಹುದು. ರಜ್ಜುವಿನ ಲೋಕವನ್ನು ಇಂದಿನ ದೂರದರ್ಶಕದಲ್ಲಿ ಹುಡುಕುವುದು ವ್ಯರ್ಥ. ಗಮನಿಸಬೇಕಾದದ್ದು, ಬಳಕೆಯಲ್ಲಿದ್ದ ಒಂದು ಮತವನ್ನು ಆಚಾರ್ಯರೊಬ್ಬರು ಲೆಕ್ಕವು ಕೂಡಲಿಲ್ಲವೆಂಬ ಒಂದೇ ಕಾರಣದಿಂದ ಕೈಬಿಟ್ಟರು ಎಂಬುದನ್ನು. ಆ ಧವಲೆಯ ತಾಡವಾಲೆಗಳನ್ನು ಹಳಗನ್ನಡ ಲಿಪಿಯಲ್ಲಿ ಕಾಪಾಡಿಕೊಂಡು ಬಂದದ್ದು ನಮ್ಮ ಮೂಡಬಿದಿರೆ.

ಜಿನಸೇನರು ಮಹಾಪುರಾಣದ ಆದಿಪುರಾಣ ಭಾಗದಲ್ಲಿ ಸೃಷ್ಟಿವಾದವನ್ನು ಎದುರಿಸಿದ ರೀತಿ ಇನ್ನೂ ತೀಕ್ಷ್ಣವಾದುದು. ಲೋಕವನ್ನು ಸೃಷ್ಟಿಸುವ ಮೊದಲು ಸೃಷ್ಟಿಕರ್ತನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಸೃಷ್ಟಿಸಿದ? ಸಾಮಗ್ರಿ ಮೊದಲೇ ಇದ್ದರೆ ಅದನ್ನು ಸೃಷ್ಟಿಸಿದವರು ಯಾರು? ಆತನು ಕೃತಕೃತ್ಯನಾದರೆ ಸೃಷ್ಟಿಸುವ ಇಚ್ಛೆ ಏಕೆ ಹುಟ್ಟಿತು, ಅಪೂರ್ಣನಾದರೆ ಅವನಿಗೂ ಕುಂಬಾರನಿಗೂ ಭೇದವೇನು? ಕರುಣೆಯಿಂದ ಸೃಷ್ಟಿಸಿದನೆಂದರೆ ದುಃಖವೇಕೆ ಇದೆ? ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆಯನ್ನೊಡ್ಡಿ, ಲೋಕವು ಅನಾದಿಯೆಂದೂ ಅಕೃತ್ರಿಮವೆಂದೂ ನಿರ್ಣಯಿಸುತ್ತಾರೆ. ಅಮೆರಿಕೆಯ ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ಬರೆದ 'ಕಾಸ್ಮಾಸ್' ಗ್ರಂಥದ ಒಂದು ಅಧ್ಯಾಯದ ತಲೆಯಲ್ಲಿಯೇ ಜಿನಸೇನರ ಈ ವಾದವನ್ನು ಇರಿಸಿಕೊಂಡಿದ್ದಾರೆ. ಮಳಖೇಡದ ರಾಜಗುರುವಿನ ಮಾತು ಹಾಗೆ ಲಕ್ಷಾಂತರ ಓದುಗರನ್ನು ಮುಟ್ಟಿತು. ಸೇಗನ್ ಅದನ್ನು ಆಯ್ದುಕೊಂಡದ್ದು ಅದರಲ್ಲಿ ಆಧುನಿಕ ವಿಜ್ಞಾನ ಅಡಗಿದೆಯೆಂದಲ್ಲ. ನಿರ್ಭಯವಾಗಿ ಪ್ರಶ್ನಿಸುವ ಬುದ್ಧಿಯೊಂದು ಅಲ್ಲಿದೆಯೆಂದು.

ಇದೆಲ್ಲ ನಮಗೆ ಹೆಮ್ಮೆಯ ಮಾತು. ಅಷ್ಟೇನೂ ಹೆಮ್ಮೆ ತರದ ಮಾತನ್ನೂ ಹೇಳಬೇಕು. ಭೂಮಿಯನ್ನು ಹೊತ್ತಿರುವುದು ಯಾವುದು ಎಂಬ ಪ್ರಶ್ನೆಗೆ ನಮ್ಮ ಗ್ರಂಥಗಳು ಘನೋದಧಿ, ಘನವಾತ, ತನುವಾತ ಎಂಬ ಮೂರು ವಲಯಗಳನ್ನು ಹೇಳುತ್ತವೆ. ಜಂಬೂದ್ವೀಪದ ಮೇಲೆ ಎರಡು ಸೂರ್ಯರೂ ಎರಡು ಚಂದ್ರರೂ ಸುತ್ತುತ್ತಾರೆನ್ನುತ್ತವೆ. ಬ್ರಹ್ಮಗುಪ್ತನು ಇದನ್ನು ಆಕ್ಷೇಪಿಸಿದ. ಸಹ್ಯಾದ್ರಿ ಸೀಮೆಯ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಎರಡು ಸೂರ್ಯರ ಮತವನ್ನು ಖಂಡಿಸಿದ. ಭೂಮಿಗೆ ಆಕರ್ಷಣಶಕ್ತಿಯಿದೆ, ಆಕಾಶದಲ್ಲಿರುವ ಭಾರವಾದ ವಸ್ತುಗಳನ್ನು ಅದು ತನ್ನೆಡೆಗೆ ಸೆಳೆಯುತ್ತದೆ, ಸುತ್ತಲೂ ಆಕಾಶವು ಸಮನಾಗಿರುವಾಗ ಭೂಮಿ ತಾನೇ ಎಲ್ಲಿಗೆ ಬಿದ್ದೀತು ಎಂದು ಆತ ಕೇಳುತ್ತಾನೆ. ಗ್ರಹಣಗಳನ್ನು ಗಣಿಸಬಲ್ಲವನ ಮಾತು ಅದು. ಆ ವಾದದಲ್ಲಿ ಗೆದ್ದವನು ಭಾಸ್ಕರ. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮ ಸಮಾಜದಲ್ಲಿ ಹಲವರಿಗೆ ಉಂಟಾದ ಕಳವಳವನ್ನು ನನ್ನ ವಯಸ್ಸಿನವರು ಹಿರಿಯರ ಬಾಯಿಂದ ಕೇಳಿಯೇ ಬೆಳೆದಿದ್ದೇವೆ. ಹಸ್ತಿನಾಪುರದಲ್ಲಿ 1985ರಲ್ಲಿ ಸಿದ್ಧವಾದ ಜಂಬೂದ್ವೀಪದ ಭವ್ಯ ರಚನೆಯನ್ನು ಭಕ್ತಿಯಿಂದ ನೋಡಿ ನಮಸ್ಕರಿಸುವುದಕ್ಕೂ, ಅದನ್ನು ಭೂಗೋಳದ ನಕ್ಷೆಯೆಂದು ಮಕ್ಕಳಿಗೆ ಬೋಧಿಸುವುದಕ್ಕೂ ಭೇದವಿದೆ. ಭಾಸ್ಕರನ ಆಕರ್ಷಣೆಯೂ ನ್ಯೂಟನ್ನನ ಗುರುತ್ವವಲ್ಲ ಎಂಬುದನ್ನು ನ್ಯಾಯಕ್ಕಾಗಿ ಸೇರಿಸಬೇಕು. ಭಾಸ್ಕರನು ಹೇಳಿದ್ದು ಭೂಮಿಯ ಶಕ್ತಿಯನ್ನು. ಎಲ್ಲ ವಸ್ತುಗಳೂ ಎಲ್ಲ ವಸ್ತುಗಳನ್ನೂ ಇಷ್ಟಿಷ್ಟು ಬಲದಿಂದ ಸೆಳೆಯುತ್ತವೆಂಬ ಪರಿಮಾಣದ ನಿಯಮವು 1687ರಲ್ಲಿ ನ್ಯೂಟನ್ನನಿಂದ ಬಂತು.

ಆ ನಿಯಮವೇ ಅನಾದಿ ಲೋಕಕ್ಕೆ ಬಂದೊದಗಿದ ಕಠಿಣ ಪ್ರಶ್ನೆ. ಸ್ಮರಣ ಸಂಚಿಕೆಗಳು ಇದನ್ನು ಪ್ರಸ್ತಾಪಿಸುವುದೇ ಇಲ್ಲ. 1692ರಲ್ಲಿ ರಿಚರ್ಡ್ ಬೆಂಟ್ಲಿ ಎಂಬ ಪಾದ್ರಿಯೊಡನೆ ನ್ಯೂಟನ್ನನ ಪತ್ರವ್ಯವಹಾರ ಆರಂಭವಾಯಿತು. ಎಲ್ಲವೂ ಎಲ್ಲವನ್ನೂ ಸೆಳೆಯುವುದಾದರೆ ನಕ್ಷತ್ರಗಳೆಲ್ಲ ಒಂದೆಡೆಗೆ ಬಿದ್ದು ರಾಶಿಯಾಗಬೇಕಲ್ಲ, ಏಕೆ ಆಗಿಲ್ಲ? ಅನಂತ ಆಕಾಶದಲ್ಲಿ ಅವು ಸಮನಾಗಿ ಹರಡಿದ್ದರೆ ಎಳೆತಗಳು ಪರಸ್ಪರ ಸರಿದೂಗಬಹುದು. ಆದರೆ ಅಂಥ ಸಮತೋಲವು ಅಸಂಖ್ಯ ಸೂಜಿಗಳನ್ನು ಅವುಗಳ ಮೊನೆಯ ಮೇಲೆ ನಿಲ್ಲಿಸಿದಂತೆ ದುಸ್ಸಾಧ್ಯವೆಂದು ನ್ಯೂಟನ್ನನೇ ಒಪ್ಪಿದ. ನಮ್ಮ ಹೇಮಗುಡ್ಡದ ಗುಂಡುಗಳಿಗಾದರೂ ಅಂಗೈಯಗಲದ ಆಧಾರವಿದೆ, ಸೂಜಿಯ ಮೊನೆಗೆ ಅದೂ ಇಲ್ಲ. ಕೊನೆಗೆ ಆತನು ದೈವಶಕ್ತಿಯ ಮೊರೆಹೋದ. ಜಿನಸೇನರು ಇದ್ದಿದ್ದರೆ ಏನು ಕೇಳುತ್ತಿದ್ದರೆಂಬುದನ್ನು ವಾಚಕರು ಊಹಿಸಬಹುದು.

ಐನ್‌ಸ್ಟೈನರು 1915ರಲ್ಲಿ ಗುರುತ್ವಕ್ಕೆ ಹೊಸ ಸಿದ್ಧಾಂತವನ್ನು ಕೊಟ್ಟಾಗಲೂ ಇದೇ ತೊಡಕು. ವಿಶ್ವವು ನಿಶ್ಚಲವೆಂದು ನಂಬಿದ್ದ ಅವರು 1917ರಲ್ಲಿ ತಮ್ಮ ಸಮೀಕರಣಕ್ಕೆ ಒಂದು ಹೊಸ ಪದವನ್ನು ಸೇರಿಸಿ ಅದನ್ನು ನಿಲ್ಲಿಸಿದರು. ಆ ನಿಲುವೂ ಸೂಜಿಯ ಮೊನೆಯ ಮೇಲಿನದೇ ಎಂದು 1930ರಲ್ಲಿ ಎಡಿಂಗ್ಟನ್ ತೋರಿಸಿದರು. ಅಷ್ಟರಲ್ಲಿ ರಷ್ಯದ ಫ್ರೀಡ್‌ಮನ್ 1922ರಲ್ಲಿಯೂ ಬೆಲ್ಜಿಯಮ್ಮಿನ ಲೆಮೆತ್ರ್ 1927ರಲ್ಲಿಯೂ ವಿಶ್ವವು ಹಿಗ್ಗುತ್ತಿರಬಹುದೆಂದು ಗಣಿಸಿದ್ದರು. 1929ರಲ್ಲಿ ಹಬಲ್ ಅವರ ವೀಕ್ಷಣೆಗಳು ಅದಕ್ಕೆ ಆಧಾರವಾದವು. ಹಿಗ್ಗುತ್ತಿದ್ದರೆ ಹಿಂದೆ ಎಲ್ಲವೂ ಒತ್ತೊತ್ತಾಗಿದ್ದಿರಬೇಕು. 1931ರಲ್ಲಿ ಲೆಮೆತ್ರ್ ಆದಿಯ ಪರಮಾಣುವಿನ ಮಾತನ್ನಾಡಿದರು.

ಈ ಲೆಮೆತ್ರ್ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ತಮ್ಮ ಭಾಷಣವೊಂದರಲ್ಲಿ ಈ ಸಿದ್ಧಾಂತವನ್ನು ಸೃಷ್ಟಿಗೆ ವಿಜ್ಞಾನವೇ ಕೊಟ್ಟ ಸಾಕ್ಷಿಯೆಂಬಂತೆ ಸ್ವಾಗತಿಸಿದರು. ತನ್ನ ಸಿದ್ಧಾಂತಕ್ಕೆ ಜಗದ್ಗುರುವಿನ ಮನ್ನಣೆ ಸಿಕ್ಕಿತೆಂದು ಆ ಪಾದ್ರಿ ಹಿಗ್ಗಬಹುದಿತ್ತು. ಆತ ಹಿಗ್ಗಲಿಲ್ಲ, ಕಳವಳಗೊಂಡರು. ತಮ್ಮದು ಭೌತಶಾಸ್ತ್ರದ ಊಹನೆ, ನಾಳೆ ತಿದ್ದುಪಡಿಯಾಗಬಹುದು, ಅದಕ್ಕೂ ಧರ್ಮಶ್ರದ್ಧೆಗೂ ಗಂಟು ಹಾಕಬಾರದು ಎಂಬುದು ಅವರ ನಿಲುವು. ಅನ್ಯಮತದವರಾದರೂ ಈ ಸಂಯಮಕ್ಕೆ ಕೈಮುಗಿಯಬೇಕು.

ನಮ್ಮಲ್ಲಿ ನಡೆದದ್ದು ಇದರ ಇನ್ನೊಂದು ಮುಖ. 1948ರಲ್ಲಿ ಬಾಂಡಿ, ಗೋಲ್ಡ್ ಮತ್ತು ಹಾಯ್ಲ್ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ವಿಶ್ವಕ್ಕೆ ಆದಿಯಿಲ್ಲ, ಅಂತ್ಯವಿಲ್ಲ, ಅದು ಎಂದೆಂದೂ ಹೀಗೆಯೇ. ಎದುರು ಪಕ್ಷವನ್ನು ಹಾಸ್ಯಮಾಡುವಂತೆ 'ಮಹಾಸ್ಫೋಟ' ಎಂಬರ್ಥದ ಇಂಗ್ಲಿಷ್ ಹೆಸರನ್ನು 1949ರ ರೇಡಿಯೋ ಭಾಷಣದಲ್ಲಿ ಬಳಸಿದವರೂ ಹಾಯ್ಲರೇ. ಹಾಯ್ಲರ ಶಿಷ್ಯರು ಡಾ. ಜಯಂತ ನಾರಳೀಕರ್. ಅವರು ಹುಟ್ಟಿದ್ದು ಕೊಲ್ಹಾಪುರದಲ್ಲಿ, ವರಾಂಗಚರಿತವು ಅಚ್ಚಾದ ಅದೇ 1938ರಲ್ಲಿ. 1964ರಲ್ಲಿ ಹಾಯ್ಲರೊಡನೆ ಸೇರಿ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತವನ್ನೇ ರಚಿಸಿದರು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಖಗೋಳ ಸಂಶೋಧನ ಕೇಂದ್ರವನ್ನು ಕಟ್ಟಿ ಬೆಳೆಸಿದರು. 1993ರಲ್ಲಿ ಹಾಯ್ಲ್ ಮತ್ತು ಬರ್ಬಿಡ್ಜರೊಡನೆ ಸೇರಿ ಹಳೆಯ ಸಿದ್ಧಾಂತವನ್ನು ಪರಿಷ್ಕರಿಸಿ, ವಿಶ್ವವು ಹಲವು ಸಾವಿರ ಕೋಟಿ ವರ್ಷಗಳ ಆವರ್ತಗಳಲ್ಲಿ ಹಿಗ್ಗಿ ಕುಗ್ಗುತ್ತದೆಂದರು. 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಬಹುಮತಕ್ಕೆ ತಲೆಬಾಗದೆ ತಮ್ಮ ಪಕ್ಷವನ್ನು ಸಭ್ಯತೆಯಿಂದ ಪ್ರತಿಪಾದಿಸಿದ ಧೀರರು.

ಸ್ಥಿರಸ್ಥಿತಿಯೇ ನಮ್ಮ ಅನಾದಿ ಲೋಕ, ಆವರ್ತಗಳೇ ಉತ್ಸರ್ಪಿಣಿ ಅವಸರ್ಪಿಣಿ ಎಂದು ಹಿಗ್ಗಿದವರು ಎರಡು ಸಂಗತಿಗಳನ್ನು ಮರೆತರು. ಹಿಗ್ಗುವ ವಿಶ್ವವು ತೆಳುವಾಗದಂತೆ ಇರಬೇಕಾದರೆ ಹೊಸ ದ್ರವ್ಯವು ಹುಟ್ಟುತ್ತಲೇ ಇರಬೇಕು. ಒಂದು ಘನಮೀಟರ್ ಜಾಗದಲ್ಲಿ ಸುಮಾರು ನೂರು ಕೋಟಿ ವರ್ಷಕ್ಕೊಂದು ಹೈಡ್ರೋಜನ್ ಪರಮಾಣು ಹುಟ್ಟಿದರೆ ಸಾಕಂತೆ. ಪ್ರಮಾಣ ಅತ್ಯಲ್ಪವಾದರೂ ಅದು ಉತ್ಪತ್ತಿಯೇ. ಸತ್ತಿನ ನಾಶವಿಲ್ಲ, ಅಸತ್ತಿನ ಉತ್ಪಾದವಿಲ್ಲ ಎಂಬುದು ಜೈನತತ್ತ್ವದ ಅಡಿಗಲ್ಲು. ಚಿನ್ನದ ಕಲಶವನ್ನು ಕರಗಿಸಿ ಮುಕುಟ ಮಾಡಿದಾಗ ಕಲಶಪರ್ಯಾಯವು ಹೋಗಿ ಮುಕುಟಪರ್ಯಾಯವು ಬರುತ್ತದೆ, ಚಿನ್ನ ಹೊಸದಾಗಿ ಹುಟ್ಟುವುದಿಲ್ಲ. ಎರಡನೆಯದಾಗಿ, ನಮ್ಮ ಕಾಲಚಕ್ರವು ಭರತ ಮತ್ತು ಐರಾವತ ಕ್ಷೇತ್ರಗಳಿಗೆ ಸೇರಿದ್ದು. ಅಲ್ಲಿನ ಜೀವಿಗಳ ಆಯುಸ್ಸು, ಎತ್ತರ, ಸುಖಗಳ ಏರಿಳಿತವದು. ವಿದೇಹಕ್ಷೇತ್ರದಲ್ಲಿ ಅದಿಲ್ಲ, ಇಡೀ ಲೋಕವು ಹಿಗ್ಗಿ ಕುಗ್ಗುವ ಮಾತು ಆಗಮದಲ್ಲಿ ಎಲ್ಲಿಯೂ ಇಲ್ಲ.

ಅತ್ತ ವಿಜ್ಞಾನವೂ ಸುಮ್ಮನೆ ಕುಳಿತಿರಲಿಲ್ಲ. 1964-65ರಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಕ್ಷೀಣ ವಿಕಿರಣವನ್ನು ಕಂಡುಹಿಡಿದರು. ಬಿಸಿಯಾದ, ಒತ್ತೊತ್ತಾದ ಹಿಂದಿನ ಅವಸ್ಥೆಯ ಉಳಿಕೆಯದು. ಅಂದಿನಿಂದ ತೂಕವು ಮಹಾಸ್ಫೋಟದ ಕಡೆಗೆ ವಾಲಿತು. ಆ ಅವಸ್ಥೆಯಿಂದ ಇಂದಿನವರೆಗೆ ಕಳೆದ ಕಾಲ 1380 ಕೋಟಿ ವರ್ಷವೆಂಬುದು ಇಂದಿನ ಲೆಕ್ಕ. ವಿಜ್ಞಾನದಲ್ಲಿ ಮಾತಿನ ತೂಕ ಹೇಗೆ ನಿರ್ಣಯವಾಗುತ್ತದೆಂಬುದಕ್ಕೆ ಕನ್ನಡದ್ದೇ ಒಂದು ಉದಾಹರಣೆಯಿದೆ. ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರ ಸಿ. ವಿ. ವಿಶ್ವೇಶ್ವರ ಅವರೂ 1938ರಲ್ಲಿ ಹುಟ್ಟಿದವರೇ. ಕೃಷ್ಣರಂಧ್ರವನ್ನು ಕದಡಿದರೆ ಬಾರಿಸಿದ ಗಂಟೆಯ ನಾದದಂತೆ ಕ್ರಮೇಣ ಅಡಗುವ ಗುರುತ್ವದ ಅಲೆಗಳು ಹೊಮ್ಮುತ್ತವೆಂದು ಅವರು 1970ರಲ್ಲಿ ಗಣಿಸಿದರು. 2015ರ ಸೆಪ್ಟೆಂಬರ್ 14ರಂದು ಅಂಥ ಅಲೆ ಭೂಮಿಯ ಯಂತ್ರಗಳಿಗೆ ಮೊದಲ ಬಾರಿಗೆ ಸಿಕ್ಕಿತು. ನಲವತ್ತೈದು ವರ್ಷ ಆ ಲೆಕ್ಕವು ಪರೀಕ್ಷೆಗಾಗಿ ಕಾದಿತ್ತು. 2017ರಲ್ಲಿ ಅವರು ಗತಿಸುವ ಮೊದಲೇ ಉತ್ತರ ಬಂದದ್ದು ನಮ್ಮ ಭಾಗ್ಯ.

ಹಾಗಾದರೆ ಜಿನಸೇನರ ವಾದ ಬಿದ್ದುಹೋಯಿತೇ? ಹಾಗೆಂದು ನನಗೆ ತೋರುವುದಿಲ್ಲ. ಬಿ.ಕಾಂ. ಓದಿದವನ ಭಾಷೆಯಲ್ಲಿ ಹೇಳುವುದಾದರೆ, ಸಿಕ್ಕಿರುವ ಅತ್ಯಂತ ಹಳೆಯ ಖಾತೆಪುಸ್ತಕದ ಮೊದಲ ಪುಟದಲ್ಲಿ ಆರಂಭದ ಶಿಲ್ಕು ಎಂದು ದೊಡ್ಡ ಮೊತ್ತವೊಂದು ಬರೆದಿದೆ. ಅದರ ಹಿಂದಿನ ಪುಸ್ತಕ ಸಿಕ್ಕಿಲ್ಲ. ಪೇಢಿಯು ಆ ದಿನವೇ ಶೂನ್ಯದಿಂದ ಹುಟ್ಟಿತೆಂದು ಆ ಪುಟದಿಂದ ಹೇಳಲಾಗದು. ಮಹಾಸ್ಫೋಟ ಸಿದ್ಧಾಂತವು ವಿವರಿಸುವುದು ಬಿಸಿಯಾದ ಒಂದು ಅವಸ್ಥೆಯಿಂದ ಈಚಿನ ವಿಶ್ವವನ್ನು. ಅದಕ್ಕೂ ಹಿಂದೆ ಕುಗ್ಗುವಿಕೆಯಿತ್ತೆಂದು ಕೆಲವರು, ಯುಗದ ಹಿಂದೆ ಯುಗವೆಂದು 2010ರಲ್ಲಿ ಪೆನ್‌ರೋಸ್, ಕಾಲವೇ ಅಲ್ಲಿಂದ ಆರಂಭವೆಂದು ಮತ್ತೆ ಕೆಲವರು. ಯಾವುದೂ ಪರೀಕ್ಷೆಯಲ್ಲಿ ಗೆದ್ದಿಲ್ಲ. ಗುರುತ್ವಾಕರ್ಷಣೆಯು ಅಸಾಧ್ಯವಾಗಿಸಿದ್ದು ನಿಶ್ಚಲವಾದ ಲೋಕವನ್ನು. ಅನಾದಿಯೆಂದರೆ ನಿಶ್ಚಲವೆಂದು ನಮ್ಮವರು ಹೇಳಿಯೇ ಇರಲಿಲ್ಲ. ಉತ್ಪಾದ, ವ್ಯಯ, ಧ್ರೌವ್ಯಗಳು ಕೂಡಿದ್ದೇ ಸತ್ತು. ಇದು ತತ್ತ್ವದ ಮಾತು, ಪ್ರಯೋಗಶಾಲೆಯ ಮಾತಲ್ಲ. ಹೀಗಿರುವುದರಿಂದಲೇ ಅದು ಗುರುತ್ವದ ಆಸರೆಯಿಲ್ಲದೆಯೂ ತನ್ನ ಬಲದಿಂದ ನಿಲ್ಲುತ್ತದೆ.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಒಂದು ವಿನಂತಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸುಳ್ಳು ದಸ್ತಾವೇಜು ಬರೆಯುವುದೆಂದು ಅದರ ಅರ್ಥ. ನಾವು ಅದನ್ನು ಸಾಲಪತ್ರಕ್ಕೂ ಖಾತೆಪುಸ್ತಕಕ್ಕೂ ಅನ್ವಯಿಸಿಕೊಂಡು ಸುಮ್ಮನಾಗಿದ್ದೇವೆ. ನ್ಯೂಟನ್ನನ ಗಳಿಕೆಯನ್ನು ಆಚಾರ್ಯರ ಖಾತೆಗೆ ಜಮಾ ಮಾಡುವ ಫಲಕವನ್ನು ಬಸದಿಯ ಗೋಡೆಗೆ ಹಾಕುವಾಗಲೂ ಈ ಅತಿಚಾರವು ನೆನಪಿಗೆ ಬರಬೇಕು. ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಆ ಫಲಕವನ್ನು ಓದುತ್ತಾರೆ. ಅದು ತಪ್ಪೆಂದು ಅವರಿಗೆ ಎರಡನೆಯ ವರ್ಷದಲ್ಲಿಯೇ ತಿಳಿಯುತ್ತದೆ. ಅಲ್ಲಿಗೆ ಗುರುತ್ವದ ಫಲಕದ ಜೊತೆ ಅಹಿಂಸೆಯ ಫಲಕವನ್ನೂ ಅವರು ಓದದೆ ಹೋಗುತ್ತಾರೆ.

ಪಾಠಶಾಲೆಯ ಮಕ್ಕಳನ್ನು ರಜೆಯಲ್ಲಿ ಕೊಪ್ಪಳಕ್ಕೆ ಕರೆತರುವವರು ಗವಿಮಠದ ಬಂಡೆಯನ್ನು ನೋಡಿ ಹಿಂದಿರುಗದೆ ಪಾಲ್ಕಿಗುಂಡನ್ನೂ ಹತ್ತಲಿ. ಬೆಳಗಿನ ಹೊತ್ತು ಹತ್ತಿದರೆ ಬಿಸಿಲಿನ ತಾಪವಿರದು, ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು. ಪಾದಗಳ ಬಳಿ ಕೂಡಿಸಿ ಜಟಾಸಿಂಹನಂದಿಗಳ ಪರೀಕ್ಷೆಯನ್ನೂ ವೀರಸೇನರ 343ರ ಲೆಕ್ಕವನ್ನೂ ಜಿನಸೇನರ ಪ್ರಶ್ನೆಗಳನ್ನೂ ತಿಳಿಸಲಿ. ಮೇಲೆ ನಿಂತ ಚಪ್ಪಡಿಯನ್ನು ತೋರಿಸಿ ಅದು ಏಕೆ ಬೀಳದೆಂಬುದನ್ನು ವಿಜ್ಞಾನ ಓದಿದ ಹುಡುಗನೋ ಹುಡುಗಿಯೋ ವಿವರಿಸಲಿ, ಹಿರಿಯರು ಕುಳಿತು ಕೇಳಲಿ.